ಅಂಗನವಾಡಿಗೆ ನೀರು ತಂದ ನಾಲ್ವರು

ತಿತಿಮತಿಯ ಹತ್ತಿರ, ಕಾಡು ಮುಗಿದು ಕಾಫಿ ತೋಟ ಶುರುವಾಗುವ ಕಡೆ ನಮ್ಮ ಅಂಗನವಾಡಿ. ಬೇಸಿಗೆಯಲ್ಲಿ ಅದರ ಬಾವಿ ಬತ್ತುತ್ತಿತ್ತು. ನೀರಿಲ್ಲದ ದಿನ ಅಡುಗೆ ಇಲ್ಲ. ಮಕ್ಕಳು ಮನೆಗೆ, ಅವರ ಹಿಂದೆ ತೋಟದ ಕೆಲಸ ಬಿಟ್ಟು ತಾಯಂದಿರೂ ಮನೆಗೆ. ಇನ್ನೊಂದು ಬೇಸಿಗೆ ಹೀಗೇ ಆದರೆ ಇದನ್ನು ಮುಖ್ಯರಸ್ತೆಯಾಚೆಗಿನ ಅಂಗನವಾಡಿಗೆ ಸೇರಿಸುತ್ತೇವೆ ಎಂದು ಇಲಾಖೆಯ ಮೇಲಿನವರು ಹೇಳಿಹೋದರು. ಆನೆ ಓಡಾಡುವ ದಾರಿಯಲ್ಲಿ ಅಷ್ಟು ದೂರ ಪುಟ್ಟ ಮಕ್ಕಳನ್ನು ಯಾರು ನಡೆಸುತ್ತಾರೆ? ಸೇರಿಸುವುದೆಂದರೆ ಮುಚ್ಚುವುದೇ.

ಗುಡ್ಡದ ತೊರೆಯಿಂದ ಪೈಪು ಹಾಕಿ ನೀರು ಇಳಿಸೋಣ ಎಂದವರು ಹೋಂಸ್ಟೇ ನಡೆಸುವ ನಮ್ಮ ನೆರೆಯವರು. ಅವರು ಕೈಬೀಸಿ ಮಾತಾಡಿದರೆ ನಲ್ಲಿಯಲ್ಲಿ ನೀರು ಆಗಲೇ ಸುರಿದಂತೆ. ಮನೆಗೊಬ್ಬರು ಬರುತ್ತೇವೆಂದು ಊರು ಒಪ್ಪಿತು. ನಾನೋ, ಬಸ್‌ಸ್ಟಾಪಿನವರೆಗೆ ಹೋಗಿ, ವಾಪಸ್ ಬಂದು ಮನೆಯ ಬೀಗ ಎಳೆದು ನೋಡುವ ಜಾತಿ. ತೊರೆ ಬತ್ತಿದರೆ, ಪೈಪು ಒಡೆದರೆ ಎಂದು ಶುರುಮಾಡಿ ಪೈಪಿನೊಳಗೆ ಹಾವು ಹೊಕ್ಕರೆ ಎಂಬಲ್ಲಿಗೆ ಬಂದೆ.

"ಅಕ್ಕಾ, ಇನ್ನೂ ಪೈಪೇ ತಂದಿಲ್ಲ, ನೀವು ಹಾವು ಎಲ್ಲಿಂದ ತಂದ್ರಿ ಮಾರಾಯ್ರೆ?"

ಹೋಂಸ್ಟೇಯವರ ಈ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಹಾವಿನ ಯೋಚನೆ ಮಾತ್ರ ಬಿಡಲಿಲ್ಲ.

ಕೆಲಸ ಮಾಡಿಸಿದವರು ಮಿಲಿಟರಿಯಿಂದ ನಿವೃತ್ತರಾದ ಒಬ್ಬರು, ಊರಿಗೆಲ್ಲ ಅವರು 'ಸರ್'. ಮಾತು ಕಡಿಮೆ. ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗ್ ಶುರುವಾದರೆ ನಮ್ಮಲ್ಲಿ ಒಬ್ಬ ಆಳೂ ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಮುಗಿಯಬೇಕು ಎಂಬುದೊಂದೇ ಅವರ ಭಾಷಣ. ತೋಟದ ನಡುವೆ ನೇರವಾಗಿ ಹಗ್ಗ ಎಳೆದು ದಾರಿ ಗುರುತಿಸಿದರು. ಮಣ್ಣು ಮೆತ್ತಗೆ, ಅಗೆಯಲು ಸುಖ.

ಅಗೆಯುವವರಿಗೆಲ್ಲ ಕಾಫಿ ಕೊಡಲು ಹೋಗಿ ಮರದಡಿ ನಿಂತಾಗ ತಲೆಯೆತ್ತಿ ನೋಡಿದೆ. ಅವು ಹಲಸಿನ ಮರಗಳು. ಆ ತಿಂಗಳಲ್ಲಿ ಒಂದು ಕಾಯಿಯೂ ಇಲ್ಲದ್ದರಿಂದ ಯಾರ ತಲೆಗೂ ಹೊಳೆದಿರಲಿಲ್ಲ.

"ಹಣ್ಣಾದಾಗ ಇಲ್ಲಿಗೆ ಆನೆ ಬರ್ತದಲ್ಲ ಸರ್, ಪೈಪು ಉಳೀತದಾ?"

"ಕಾಯಿ ಇರುವಾಗ್ಲೇ ಕಿತ್ತು ಹಾಕಿದ್ರೆ ಆಯ್ತು. ಎಲ್ಲರೂ ಹಾಗೇ ಅಲ್ವಾ ಮಾಡುದು?"

"ಹೋದ ವರ್ಷ ಯಾರು ಕಿತ್ರು?"

ಅಗೆಯುತ್ತಿದ್ದವರು ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು. ಪಕ್ಕದವರು ಕೀಳುತ್ತಾರೆಂದು ಇವರು, ಇವರು ಕೀಳುತ್ತಾರೆಂದು ಪಕ್ಕದವರು. ಹೋದ ವರ್ಷ ಆನೆಗಳೇ ಕಿತ್ತಿದ್ದವು.

ಸರ್ ಹಗ್ಗ ಸುತ್ತತೊಡಗಿದರು. "ಆಚೆ ರಸ್ತೆ ಬದಿಗೆ ಹೋಗುವ. ಅಕ್ಕ ಹೇಳುದು ಸರಿ."

ಆಚೆ ಬರೀ ಕಲ್ಲು, ದಾರಿಯೂ ಸುತ್ತು. ಹಾರೆ ಬಿದ್ದಾಗೆಲ್ಲ ಕಿಡಿ ಹಾರುತ್ತಿತ್ತು, ನನ್ನ ಹೆಸರೂ ಹಾರುತ್ತಿತ್ತು. "ಅಕ್ಕಾ, ಈ ಕಲ್ಲಿನ ಬಗ್ಗೆ ಸ್ವಲ್ಪ ಹೆದರಿಕೊಂಡಿದ್ರೆ ಆಗ್ತಿರ್ಲಿಲ್ವಾ?" ಎಂದ ಒಬ್ಬ. ನಾನು ಕಾಫಿಗೆ ಬೆಲ್ಲ ಹೆಚ್ಚಿಗೆ ಹಾಕಿದೆ.

ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ನೀರು ಬಂತು. ಹೋಂಸ್ಟೇಯವರು ಫೋಟೋ ಹೊಡೆದು ಬೀದಿದೀಪದ ಯೋಜನೆಗೆ ಹಾರಿದರು. ಸರ್ ಹಾರೆ ತೊಳೆದಿಟ್ಟರು. ಟ್ಯಾಂಕಿಗೆ ಮುಚ್ಚಳವಿಲ್ಲ, ನಲ್ಲಿಯ ಜಾಗದಲ್ಲಿ ಬಟ್ಟೆಯ ಉಂಡೆ. ಎರಡನ್ನೂ ತರುತ್ತೇನೆಂದಿದ್ದವರು ಹೋಂಸ್ಟೇಯವರು. ಆಗ ಎದ್ದವರು ಅಂಗನವಾಡಿ ಟೀಚರ್. ಅಲ್ಲಿಯವರೆಗೆ ಮೀಟಿಂಗಿನಲ್ಲಿ ಬಾಯಿ ತೆರೆಯದ ಹೆಂಗಸು ಹೋಂಸ್ಟೇ ಜಗಲಿಯಲ್ಲಿ ಹೋಗಿ ಕೂತರು.

"ಮುಚ್ಚಳ, ನಲ್ಲಿ."

"ನಾಳೆ ಖಂಡಿತ ಟೀಚರ್."

"ಆಯ್ತು. ನಾಳೆ ಮಕ್ಕಳನ್ನೂ ಕರ್ಕೊಂಡು ಬರ್ತೇನೆ, ಇಲ್ಲೇ ಪಾಠ."

ಹೋಂಸ್ಟೇಯಲ್ಲಿ ಅತಿಥಿಗಳಿದ್ದರು. ಸಂಜೆಯೊಳಗೆ ಎರಡೂ ಬಂದವು.

ಮೊದಲ ದಿನವೇ ಸರ್ ಕೈಗೆ ಕೆಲಸ ಕೊಟ್ಟಿದ್ದರೆ, ಮಾತಾಡಿ ಊರನ್ನು ಒಪ್ಪಿಸಲಾಗದೆ ಅವರೊಬ್ಬರೇ ಅಗೆಯಬೇಕಿತ್ತು. ಕೊನೆಯ ದಿನ ಹೋಂಸ್ಟೇಯವರನ್ನು ನಂಬಿದ್ದರೆ ಬಟ್ಟೆಯ ಉಂಡೆಯೇ ಗತಿ. ಮೊದಲ ಮೀಟಿಂಗಿನಲ್ಲಿ ನನ್ನ ಮಾತು ಕೇಳಿದ್ದರೆ ನೀರು ಇನ್ನೂ ಗುಡ್ಡದಲ್ಲೇ ಇರುತ್ತಿತ್ತು. ಒಬ್ಬರ ಹಾಗೆ ಒಬ್ಬರಿಲ್ಲದ ನಾವು, ಸರದಿಯ ಪ್ರಕಾರ ಕೆಲಸಕ್ಕೆ ಸಿಕ್ಕಿದ್ದರಿಂದ ಬಚಾವಾದೆವು.

ಆ ಬೇಸಿಗೆ ಒಂದು ದಿನವೂ ಅಡುಗೆ ನಿಲ್ಲಲಿಲ್ಲ. ಹಲಸು ಹಣ್ಣಾದಾಗ, ಕಾಯಿ ಕೀಳುವುದನ್ನು ಎಲ್ಲರೂ ಮತ್ತೆ ಮರೆತರು, ಆನೆಗಳು ಮರೆಯಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮರದಡಿ ಉತ್ತ ಗದ್ದೆಯ ಹಾಗಿತ್ತು. ಅಲ್ಲಿಂದ ಓಡೋಡಿ ಬಂದು ಅಂಗನವಾಡಿಯ ನಲ್ಲಿ ತಿರುಗಿಸಿದೆ. ನೀರು ಸೀರೆಯ ತುಂಬ ಹಾರಿತು. ಮೇಲಿನವರು ಬಂದು ನೋಡಿದರು, ಸೇರಿಸುವ ಮಾತು ಎತ್ತಲಿಲ್ಲ.

ಮೊನ್ನೆ ಹೋಂಸ್ಟೇಯವರು ಅಂಗಳದಿಂದಲೇ ಕೂಗಿದರು: "ಬೀದಿದೀಪಕ್ಕೆ ಮೀಟಿಂಗ್ ಉಂಟು ಅಕ್ಕಾ. ಮೊದಲನೇದಕ್ಕೆ ನೀವು ದಯವಿಟ್ಟು ಬರಬೇಡಿ. ಎರಡನೇದಕ್ಕೆ ಮಾತ್ರ ತಪ್ಪಿಸಬೇಡಿ!"

ಇಷ್ಟು ಮರ್ಯಾದೆಯ ಕರೆ ನನಗೆ ತವರಿನಿಂದಲೂ ಬಂದಿಲ್ಲ.