ಬೆಂಕಿಪೊಟ್ಟಣದ ಅಳತೆ

ತೊಂಬತ್ತರ ದಶಕದ ನಡುವಿನ ಮಾತು. ಎರಡನೇ ಪಿಯುಸಿಯ ಜೀವಶಾಸ್ತ್ರದಲ್ಲಿ ಫೇಲಾಗಿ, ಮಲ್ಲಂದೂರಿನ ಹತ್ತಿರ ನಮ್ಮ ತೋಟದಲ್ಲಿ ಕೂತಿದ್ದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಉರು ಹೊಡೆದಿದ್ದೆ. ಆಸ್ಮೋಸಿಸ್ಸಿನ ವ್ಯಾಖ್ಯಾನವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೆ ಐದು ಅಂಕದ ಪ್ರಶ್ನೆಯಲ್ಲಿ ನೀರು ಹಾಗೆ ಯಾಕೆ ಹರಿಯುತ್ತದೆ ಎಂದು ಕೇಳಿದ್ದರು. ಯಾಕೆ ಎಂಬುದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ಇನ್ನೊಮ್ಮೆ ಪರೀಕ್ಷೆ ಕಟ್ಟುತ್ತೇನೆ ಎಂದು ನಾನು ಹಟ ಹಿಡಿದೆ. ಊಟಕ್ಕೆ ಕೂತಿದ್ದ ಅಪ್ಪ ಒಂದು ಷರತ್ತು ಹಾಕಿದರು.

"ಕಾಫಿ ನರ್ಸರಿ ನೀನೇ ನೋಡ್ಕೋ. ಮಳೆಗಾಲಕ್ಕೆ ಸಸಿ ನೆಡೋ ಹಂಗಾದ್ರೆ ಪರೀಕ್ಷೆ ಕಟ್ಟು. ಇಲ್ಲಾಂದ್ರೆ ಅವ್ರಿಗೆ ಹೂಂ ಅಂತೀನಿ."

ನನ್ನ ಹಣೆಬರಹ ಪ್ಲಾಸ್ಟಿಕ್ ಕೊಟ್ಟೆಯಲ್ಲಿದ್ದ ಸಸಿಗಳ ಪಾಲಾಯಿತು. ಅಳು ಬರುವಷ್ಟು ಸಿಟ್ಟು ಬಂದರೂ ಒಪ್ಪಿಕೊಂಡೆ. ಬೇರೆ ದಾರಿ ಎಲ್ಲಿತ್ತು?

ಅಂದಿನಿಂದ ಬೆಳಗಾದರೆ ನರ್ಸರಿಯ ಚಪ್ಪರದಡಿ, ಸಂಜೆಯಾದರೆ ಅಡುಗೆಮನೆಯಲ್ಲಿ. ಸಸಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಗೊಬ್ಬರದ ಅಳತೆ ಒಂದೇ: ಕ್ಯಾನು ನೀರಿಗೆ ಖಾಲಿ ಬೆಂಕಿಪೊಟ್ಟಣದ ತುಂಬ ಯೂರಿಯಾ. ಅಷ್ಟು ಚೂರು ಗೊಬ್ಬರ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಪ್ರಿಲ್ ಬಂದರೂ ಸಸಿಗಳು ಇದ್ದಲ್ಲೇ ಇದ್ದವು. ಗಂಡಿನ ಕಡೆಯವರು ಮುಂದಿನ ವಾರ ಬರುತ್ತಾರೆಂದು ಸುದ್ದಿ ಬಂತು. ಅಜ್ಜಿ ಮೂರು ದಿನ ರಜೆ ಹಾಕಿದಳು. ಮೊದಲ ದಿನವೇ ನಾನು ಬೆಂಕಿಪೊಟ್ಟಣ ಎಸೆದು, ಟೀ ಕುಡಿಯುವ ಲೋಟ ತಂದೆ. ಕ್ಯಾನಿಗೆ ಒಂದೊಂದು ಲೋಟ ಯೂರಿಯಾ ಕರಗಿಸಿ ಎಲ್ಲ ಸಾಲಿಗೂ ಹೊಯ್ದೆ.

ಎರಡೇ ದಿನಕ್ಕೆ ಎಲೆಗಳು ಜೋತುಬಿದ್ದವು, ಅಂಚು ಸುಟ್ಟಂತಾಯಿತು. ಕೊಟ್ಟೆಯ ಮಣ್ಣಿಗೆ ಬೆರಳು ಹಾಕಿ ನೋಡಿದರೆ ಒದ್ದೆ. ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದುಕೊಂಡು, ಬುದ್ಧಿವಂತೆ ನಾನು, ನೀರು ಹಾಕುವುದನ್ನೇ ನಿಲ್ಲಿಸಿದೆ.

ಮಾರನೇ ದಿನ ಅಜ್ಜಿ ಬಂದವಳೇ ಎದೆ ಹಿಡಿದುಕೊಂಡಳು. "ಎಂತ ಮಾಡಿದ್ರಿ ಸಣ್ಣಮ್ಮ? ಉಪ್ಪಿಗೆ ಹಾಕಿದ ಮಾವಿನಮಿಡಿ ಥರ ಸುಕ್ಕಾಗಿದಾವಲ್ಲ!"

ಆಗ ಹೊಳೆಯಿತು, ಇದೇ ಆಸ್ಮೋಸಿಸ್. ಭರಣಿಯ ಮಿಡಿಗೆ ಯಾರೂ ನೀರು ಹಾಕುವುದಿಲ್ಲ. ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಎಳೆಯುತ್ತದೆ. ಬೇರಿನದೂ ಅದೇ ಕತೆ. ಅದರ ಒಂದೊಂದು ಜೀವಕೋಶಕ್ಕೂ ತೆಳ್ಳನೆಯ ಪೊರೆಯಿದೆ. ನೀರು ಅದನ್ನು ಸುಲಭವಾಗಿ ದಾಟುತ್ತದೆ, ಕರಗಿದ ಗೊಬ್ಬರ ಅಷ್ಟು ಸುಲಭವಾಗಿ ದಾಟದು. ಯಾವ ಕಡೆ ದ್ರಾವಣ ಗಟ್ಟಿಯೋ ಆ ಕಡೆಗೆ ನೀರಿನ ಹರಿವು. ನಾನು ಹೊರಗಿನದನ್ನೇ ಗಟ್ಟಿ ಮಾಡಿದ್ದೆ. ಒದ್ದೆ ಮಣ್ಣಿನಲ್ಲಿ ನಿಂತೇ ಸಸಿಗಳು ಬಾಯಾರಿ ಸಾಯುತ್ತಿದ್ದವು.

ಇಬ್ಬರೂ ಸೇರಿ ಕತ್ತಲಾಗುವವರೆಗೆ ಬರೀ ನೀರು ಸುರಿದೆವು, ಕೊಟ್ಟೆಯ ತೂತಿನಿಂದ ಯೂರಿಯಾ ಹರಿದುಹೋಗಲಿ ಎಂದು. ಕೊನೆಯ ಎರಡು ಸಾಲು ತಲೆಯೆತ್ತಿದವು. ಮಿಕ್ಕವು ಏಳಲಿಲ್ಲ.

ನೋಡಲು ಬಂದ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಪೊರೆ, ನೀರು, ಮಿಡಿ, ಉಪ್ಪು, ಒಂದೂ ತಡವರಿಸದೆ, ಕನ್ನಡದಲ್ಲಿ. ಅವರು ನಿಂತೇ ಪೂರ್ತಿ ಕೇಳಿದರು.

"ಇಷ್ಟು ಚೆಂದ ಹೇಳಕ್ಕೆ ಬರತ್ತಲ್ಲ, ಪರೀಕ್ಷೇಲಿ ಏನ್ ಬರ್ದು ಬಂದೆ ಮಾರಾಯ್ತಿ?" ಎಂದು ನಕ್ಕರು. ನಕ್ಕಿದ್ದು ನೋಡಿ ನಾನು ಗೆದ್ದೆ ಎಂದುಕೊಂಡೆ. ಸಂಜೆ ಅಪ್ಪ ಮೂಡಿಗೆರೆಗೆ ಹೋಗಿ ಕಳಸದವರಿಗೆ ಫೋನಿನಲ್ಲಿ ಹೂಂ ಎಂದು ಬಂದರು.

ಮುಂದಿನ ಏಪ್ರಿಲಿನಲ್ಲಿ, ಜೀವಶಾಸ್ತ್ರದ ಪರೀಕ್ಷೆಯ ದಿನ, ಕಳಸದ ಗಂಡನ ಮನೆಯಲ್ಲಿ ಭರಣಿಯ ಮುಂದೆ ಕೂತಿದ್ದೆ. ವಾರದ ಹಿಂದೆ ಉಪ್ಪಿಗೆ ಹಾಕಿದ ಮಿಡಿ ಸುಕ್ಕಾಗಿ ನೀರಿನಲ್ಲಿ ಮುಳುಗಿತ್ತು. ಅತ್ತೆ ಬಗ್ಗಿ ನೋಡಿದರು.

"ಒಂದು ಹನಿ ನೀರ್ ಹಾಕಿಲ್ಲ ನಾವು. ಇಷ್ಟು ನೀರು ಯಾಕೆ ಬರತ್ತೆ ಅಂತೀನಿ!"

ಗೋಡೆಯ ಗಡಿಯಾರ ನೋಡಿದೆ. ಅಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಾಗಿರುತ್ತದೆ. ಮೊದಲಿನಿಂದ ಹೇಳತೊಡಗಿದೆ. ಪೊರೆಯ ಮಾತು ಬರುವಷ್ಟರಲ್ಲಿ ಅತ್ತೆ, "ಮುಚ್ಚಳ ಸರಿ ಹಾಕು" ಎಂದು ಎದ್ದುಹೋದರು. ಮಿಕ್ಕ ಉತ್ತರವನ್ನು ಭರಣಿಗೇ ಹೇಳಿ ಮುಗಿಸಿ, ಮುಚ್ಚಳ ಹಾಕಿದೆ.