ಕುರಿಹಾಲು ಕುಡಿದ ನಾಯಿ

ಭತ್ತದ ಕೊಯ್ಲು ಮುಗಿದ ಮೇಲೆ ನಾಗಮಂಗಲದ ಕಡೆಯ ಕುರಿಗಾಹಿಯೊಬ್ಬ ಕಿರಂಗೂರಿಗೆ ಬಂದು, ಗೊಬ್ಬರಕ್ಕೆಂದು ನನ್ನ ಗದ್ದೆಯಲ್ಲಿ ಮಂದೆ ನಿಲ್ಲಿಸುತ್ತಿದ್ದ. ಅವನು ಕುರಿ ಎಣಿಸಿದ್ದನ್ನು ನಾನು ಕಾಣೆ. ಅವನ ಉದ್ದ ಮೂತಿಯ ಬೂದು ನಾಯಿ ಮಂದೆಯನ್ನು ಒಂದು ಸುತ್ತು ಹಾಕಿ ಬಂದು ಮಲಗಿದರೆ ಸಾಕು, ಮೊಬೈಲನ್ನು ರುಮಾಲಿಗೆ ಸಿಕ್ಕಿಸಿ ಊಟಕ್ಕೆ ಕೂರುತ್ತಿದ್ದ.

"ನಮ್ ತಾತನ ಕಾಲದ ತಳಿ ಗೌಡ್ರೇ. ಮಾರಂಗಿಲ್ಲ. ಕಣ್ ಬುಡೋಕ್ ಮುಂಚೆ ಮರೀನ ಕುರಿ ಮೊಲೆಗೆ ಬುಡ್ತೀವಿ. ಕುರೀನೇ ಅವ್ವ ಅನ್ಕತದೆ. ಕುರಿ ಬುಟ್ರೆ ಇದ್ಕೆ ಏನೂ ಗೊತ್ತಿಲ್ಲ, ನನ್ನಂಗೆ," ಎಂದು ನಗುತ್ತಿದ್ದ.

ಕಾಡಿ ಬೇಡಿದ್ದಕ್ಕೆ ಒಂದು ನಾಯಿಮರಿ ಕೊಟ್ಟ. "ಕಟ್ಟಾಕ್ಬ್ಯಾಡಿ ಗೌಡ್ರೇ," ಎಂದು ಮೂರು ಸಲ ಹೇಳಿದ.

ನಾನು ಕಟ್ಟಿದೆ. ಬಂದವರೆಲ್ಲ ನೋಡಲಿ ಎಂದು ಮನೆ ಮುಂದೆಯೇ ಗೂಟ ನೆಟ್ಟು, ಸರಪಳಿಯಲ್ಲಿ ಕಟ್ಟಿದೆ.

ಮರುವರ್ಷ ಅವನು ಬಂದಾಗ ನಾಯಿ ಗೂಟ ಸುತ್ತುತ್ತಿತ್ತು. ಅದು ನಡೆದು ನಡೆದು ಅಂಗಳದಲ್ಲಿ ದುಂಡನೆಯ ಹಳ್ಳ ಬಿದ್ದಿತ್ತು.

"ಕಚ್ತದೆ ಕಣ್ಲಾ, ಅದ್ಕೇ ಕಟ್ಟಾಕಿವ್ನಿ," ಎಂದು ಸುಳ್ಳು ಹೇಳಿದೆ.

ಅವನು ಕುಕ್ಕರುಗಾಲಲ್ಲಿ ಕೂತು ಅದರ ಬಾಯಿಗೆ ಬೆರಳಿಟ್ಟ. ನಾಯಿ ಅದನ್ನು ಚೀಪಿತು. ಸರಪಳಿ ಬಿಚ್ಚಿದ ಮೇಲೂ ಅದು ಆ ಹಳ್ಳದಲ್ಲೇ ಸುತ್ತಿತು. ಹೆಗಲ ಮೇಲಿದ್ದ ಕುರಿಮರಿಯನ್ನು ಅವನು ಸ್ವಲ್ಪ ಆಚೆಗೆ ಇಳಿಸಿದ. ಆಗ ನಾಯಿ ನಿಂತಿತು, ಮೂಸಿತು, ಹಳ್ಳದಿಂದ ಹೊರಗೆ ಕಾಲಿಟ್ಟಿತು.

ಎರಡನ್ನೂ ಕರೆದುಕೊಂಡು ಹೊರಟವನು ನನ್ನ ಮುಖ ನೋಡಿ, "ಓಗ್ಲಿ ಬುಡಿ ಗೌಡ್ರೇ, ನಿಮ್ಗೆ ಗೊತ್ತಿರ್ನಿಲ್ಲ," ಎಂದ. ನಾನು ಹೌದೆಂದು ತಲೆಯಾಡಿಸಿದೆ.

ನನಗೆ ಗೊತ್ತಿತ್ತು. ಅವನೇ ಮೂರು ಸಲ ಹೇಳಿದ್ದ.