ಅನಸೂಯಾಬಾಯಿ ಉಂಡ ದ್ವಾದಶಿ

ನಮ್ಮ ಮನೆಯಲ್ಲಿ ಹೆಂಗಸೊಬ್ಬಳು ಊಟ ಬಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. ಕೈ ಮುಗಿಯುತ್ತಾರೆ. ಅನಸೂಯಾಬಾಯಿಗೆ ಆದದ್ದು ಅದೇ.

ಅವರು ನನ್ನ ಕಾಕು, ಅಪ್ಪನ ತಮ್ಮನ ಹೆಂಡತಿ. ವಾಡಿ ಊರಲ್ಲಿ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಅಪ್ಪ ಪಾಂಡುರಂಗಾಚಾರ್ಯರು ಮಠದ ಪೂಜೆಯವರು. ಕಾಕಾ ರೈಲ್ವೆಯಲ್ಲಿ, ಅಣ್ಣನ ಎದುರು ತುಟಿ ಬಿಚ್ಚದವರು. ಕಾಕು ಮಾತ್ರ ಅಪ್ಪನೊಬ್ಬರನ್ನು ಬಿಟ್ಟು ಓಣಿಯ ಎಲ್ಲರ ನೀರಿಳಿಸುವ ಬಾಯಿಯವರು. ನನಗೆ ಆ ಬಾಯಿ ಬಹಳ ಇಷ್ಟ.

೨೦೦೪ರ ಹೊತ್ತಿಗೆ ಆ ಬಾಯಿ ಮುಚ್ಚಿತು. ಕಾರಣ ಕೇಳಿದರೆ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ. “ಈಗ ಶಾಂತಳಾದಳು” ಎಂದು ಮನೆಯವರು ಖುಷಿಪಟ್ಟರು. ಏಕಾದಶಿಯ ಉಪವಾಸ ಸರಿ. ಮರುದಿನ ದ್ವಾದಶಿ, ಬೆಳಗ್ಗೆಯೇ ಪಾರಣೆ ಮಾಡಿ ಉಣ್ಣಬೇಕು. ಕಾಕು ಅಂದೂ ತುತ್ತು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. “ಎಂಥಾ ವೈರಾಗ್ಯ!” ಎಂದರು ಓಣಿಯವರು. ಕಾಕುಗೆ ಹಳೆಯ ಸಕ್ಕರೆ ಕಾಯಿಲೆ. ಅದರ ಗುಳಿಗೆ ನುಂಗಿ, ಊಟ ಬಿಟ್ಟು, ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದಾಗಲೂ ಒಬ್ಬರು ಅದನ್ನು ಭಕ್ತಿಯ ಪರವಶತೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ನಾನೇ ಪ್ಯಾಸೆಂಜರ್ ಹತ್ತಿಸಿ ಶಹಾಬಾದಿಗೆ ಕರೆದೊಯ್ದೆ. ಅಲ್ಲಿಯ ಸಣ್ಣ ದವಾಖಾನೆಯಲ್ಲಿ ಮಂಗಳವಾರ ಸಕ್ಕರೆ, ಬಿಪಿಯವರನ್ನು ನೋಡುತ್ತಿದ್ದರು. ರಕ್ತ ನೋಡುವ ಮೇಜಿನಲ್ಲೇ ಮನಸ್ಸನ್ನೂ ವಿಚಾರಿಸುವುದು ಆಗಷ್ಟೇ ಶುರುವಾಗಿತ್ತು. ಬೇರೆ ಬಾಗಿಲಿಲ್ಲ, ಬೇರೆ ಬೋರ್ಡಿಲ್ಲ. ನರ್ಸ್ ಲಾಲಮ್ಮ ಬೆರಳು ಚುಚ್ಚುತ್ತಲೇ ಕೇಳಿದರು: “ನಿದ್ದಿ ಬರ್ತದೇನ್ರೀ ಬಾಯರೇ? ಮನಸು ಯಾವುದರಾಗರ ಹತ್ತತದೇನು?”

“ದೇವರ ಮುಂದ ಕುಂತ್ರೂ ಹತ್ತವಲ್ದು,” ಎಂದರು ಕಾಕು. “ಬೆಳಗಾಗೂದೇ ಬ್ಯಾಡ ಅನಸ್ತದ.”

ತಿಂಗಳುಗಟ್ಟಲೆ ನಮ್ಮಲ್ಲಿ ಯಾರಿಗೂ ಹೇಳದ ಮಾತು. ನಮ್ಮಲ್ಲಿ ಯಾರೂ ಕೇಳಿರಲಿಲ್ಲವಲ್ಲ! ಡಾಕ್ಟರು ಇದು ಖಿನ್ನತೆ ಎಂದರು, ಸಕ್ಕರೆ ಗುಳಿಗೆಯ ಜೊತೆಗೆ ಇನ್ನೊಂದು ಬರೆದರು. ಹೋದಾಗಲೆಲ್ಲ ಲಾಲಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುವರು. ಕೆಲವು ವಾರಗಳಾದ ಮೇಲೆ ಒಂದು ಬೆಳಗ್ಗೆ ಕಾಕು ಹಾಲಿನವನನ್ನು ಬೈದರು. ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿತು. “ಸಕ್ಕರಿ ಗುಳಗಿ ನುಂಗಲಿ. ತಲಿ ಗುಳಗಿ ಬ್ಯಾಡ. ಪ್ರಮಿತಾಗ ವರ ನೋಡ್ಲಿಕತ್ತೀವಿ, ಮಂದಿ ಏನಂದಾರು?”

ಪ್ರಮಿತಾ ಎಂದರೆ ನಾನು. ನನ್ನ ಲಗ್ನದ ಹೆಸರಲ್ಲಿ ಕಾಕುವನ್ನು ಮತ್ತೆ ಗೋಡೆಗೆ ತಿರುಗಿಸಲು ಹೊರಟಿದ್ದರು! ಉಣ್ಣದೆ ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿಯೇ ಇದ್ದರು.

ಮುಂದಿನ ದ್ವಾದಶಿಗೆ ಮಠದಲ್ಲಿ ಪಂಕ್ತಿ ಕೂತಿತ್ತು. ಸೇಡಂನಿಂದ ವರನ ಕಡೆಯವರೂ ಬಂದಿದ್ದರು. ಅಪ್ಪ ಅವರೆದುರು ಎದೆಯುಬ್ಬಿಸಿ, “ನಮ್ಮ ಅನಸೂಯಾ ದ್ವಾದಶಿಗೂ ಉಣ್ಣೂದಿಲ್ಲ. ಅಂಥಾ ವೈರಾಗ್ಯ ನಮ್ಮ ಮನ್ಯಾಗ” ಎಂದರು.

ಕಾಕು ಒಳಗಿನಿಂದ ಬಂದು, ಎಲೆ ಹಾಕಿಕೊಂಡು ಪಂಕ್ತಿಯ ತುದಿಗೆ ಕೂತರು.

“ವೈರಾಗ್ಯ ಅಲ್ರೀ ಭಾವ, ಬ್ಯಾನಿ. ಮನಸಿನ ಬ್ಯಾನಿ. ಗುಳಗಿ ತಗೋಳ್ಳಿಕತ್ತೀನಿ, ಮುಂದನೂ ತಗೋತೀನಿ. ಪಾರಣಿ ಇಲ್ಲದ ಏಕಾದಶಿಗೆ ಪುಣ್ಯ ಅದನೋ ಇಲ್ಲೋ, ನೀವ ಹೇಳ್ರಿ.”

ಪಾರಣೆ ಬಿಟ್ಟರೆ ಉಪವಾಸದ ಫಲವಿಲ್ಲ ಎಂದು ಊರಿಗೆಲ್ಲ ಹೇಳುವವರು ಅಪ್ಪನೇ. ಶಾಸ್ತ್ರ ಅವರದೇ. ಕಾಕು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಆ ಸಂಬಂಧ ಮುರಿಯಿತು. ಸೇಡಂನಿಂದ ಫೋನ್ ಬಂದ ಸಂಜೆ ಅಪ್ಪ ಅಂಗಳದಲ್ಲಿ ಕೂಗಾಡಿದರು: “ನಿನ್ನ ಗುಳಗಿಯಿಂದ ನನ್ನ ಮಗಳ ಲಗ್ನ ನಿಂತಿತು!” ಕಾಕು ಎಲ್ಲಿ ಸೋತುಬಿಡುತ್ತಾರೋ ಎಂದು ನಾನು ಬಾಗಿಲಿಗೆ ಓಡಿಬಂದೆ. ಅವರು ಒಳಗೆ ಹೋಗಿ ಗುಳಿಗೆ ತಂದರು, ಅಪ್ಪನ ಎದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

“ನಾ ಸತ್ತಿದ್ರ ಭಾವ, ವರ್ಷ ಕಳಿಯೂ ತನಕ ಈ ಮನ್ಯಾಗ ಲಗ್ನದ ಮಾತೇ ಇರ್ತಿದ್ದಿಲ್ಲ. ಬದುಕೀನಿ. ಇನ್ನೊಂದು ವರ ನೋಡ್ರಿ.”